ಜಾತ್ರೆ ಗಾಡಿಯ ಸರಂಜಾಮು: ಕೊಳ್ಳೇಗಾಲ, ಹನೂರು, ಯಳಂದೂರು

ಜಾತ್ರೆಗೆ ಹೊರಟ ಕುಟುಂಬವೋ ಊರಿನ ಗುಂಪೋ ತನ್ನ ಅಡುಗೆಮನೆ, ಉಗ್ರಾಣ, ಹಾಸಿಗೆಗಳನ್ನು ಒಂದೇ ಗಾಡಿಗೆ ಏರಿಸಿಕೊಂಡು ಹೋಗಿ, ಇಳಿದಲ್ಲಿ ಬಿಡಾರ ಹೂಡಿ, ಹರಕೆ ತೀರಿದ ಮೇಲೆ ಮತ್ತೆ ಕಟ್ಟಿಕೊಂಡು ಮರಳುವ ರೂಢಿ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಇಂದಿಗೂ ಜೀವಂತವಾಗಿದೆ. ಮೊದಲು ಎತ್ತಿನ ಬಂಡಿಯಲ್ಲಿ ನಡೆಯುತ್ತಿದ್ದ ಈ ಪಯಣ ಈಗ ಟ್ರ್ಯಾಕ್ಟರ್ ಟ್ರೇಲರ್, ಟಾಟಾ ಏಸ್, ಗೂಡ್ಸ್ ಟೆಂಪೊಗಳಲ್ಲಿ ನಡೆಯುತ್ತದೆ. ಬಂಡಿ ಬದಲಾದರೂ ಸಾಮಾನು ಜೋಡಿಸುವ ವಿವೇಕ ಬಹುಮಟ್ಟಿಗೆ ಹಳೆಯದೇ.

ಈ ರೂಢಿ ಉಳಿದಿರುವುದಕ್ಕೆ ಕಾರಣ ಮೂರು ಕ್ಷೇತ್ರಗಳು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟ, ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ. ಮೂರಕ್ಕೂ ಹೋಗುವ ಜನ ಬಹುಪಾಲು ಒಕ್ಕಲುಮಕ್ಕಳು. ಮೂರರ ಸರಂಜಾಮೂ ಬೇರೆ ಬೇರೆ. ಮಾದಪ್ಪನ, ಅಂದರೆ ಮಹದೇಶ್ವರನ, ಬೆಟ್ಟಕ್ಕೆ ಕಟ್ಟಿದ ಗಾಡಿಯನ್ನು ಹಾಗೆಯೇ ಚಿಕ್ಕಲ್ಲೂರಿಗೆ ಹೊಡೆದುಕೊಂಡು ಹೋಗಲು ಬರುವುದಿಲ್ಲ.

ಬಂಡಿಯ ಕಾಲ

ಕೊಳ್ಳೇಗಾಲ 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ಹೊಸ ಚಾಮರಾಜನಗರ ಜಿಲ್ಲೆಯ ಭಾಗವಾಯಿತು. ಯಳಂದೂರು ಮಾತ್ರ ಹಿಂದಿನಿಂದಲೂ ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟಿದ್ದ ಸೀಮೆ. ಗಡಿಗಳು ಏನೇ ಇದ್ದರೂ ಬಂಡಿಗಳು ಎರಡೂ ಕಡೆಯಿಂದ ಬರುತ್ತಿದ್ದವು. ಇವತ್ತಿಗೂ ಮಾದಪ್ಪನ ಒಕ್ಕಲು (ಭಕ್ತವರ್ಗ) ಸೇಲಂ, ಈರೋಡು, ಧರ್ಮಪುರಿಗಳಿಂದ ಮೆಟ್ಟೂರು–ಪಾಲಾರಿನ ದಾರಿ ಹಿಡಿದು ಬರುತ್ತದೆ.

ಬಂಡಿಗೆ ಕಟ್ಟುವ ಎತ್ತುಗಳೂ ಈ ನೆಲದವೇ. ಬಯಲಿನಲ್ಲಿ ಹಳ್ಳಿಕಾರ್, ಕಾವೇರಿ ದಂಡೆಯ ಊರಿನ ಹೆಸರು ಹೊತ್ತ ಆಲಂಬಾಡಿ ತಳಿ ಕಾಡುದಾರಿಯ ದುಡಿಮೆಗೆ ಹೆಸರಾದದ್ದು, ಗಡಿಯಾಚೆ ಈರೋಡು ಜಿಲ್ಲೆಯ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಸಾಕುವ ಬರಗೂರು ದನ ಚುರುಕಿನ ನಡಿಗೆಗೆ ಪ್ರಸಿದ್ಧ. ಇಂಥ ಎತ್ತಿದ್ದರೂ ಎರಡು ಗಾಲಿಯ ಬಂಡಿ ಭಾರದ ವಿಷಯದಲ್ಲಿ ತೀರ ಕಟ್ಟುನಿಟ್ಟು. ಮೂಟೆಗಳು ಅಚ್ಚಿನ ಮುಂದಕ್ಕೆ ಬಿದ್ದರೆ ನೊಗ ಎತ್ತಿನ ಹೆಗಲನ್ನು ಹುಣ್ಣಾಗಿಸುತ್ತದೆ. ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಆದ್ದರಿಂದ ರಾಗಿ, ಅಕ್ಕಿಯ ಮೂಟೆಗಳನ್ನು ಅಚ್ಚಿನ ನೇರಕ್ಕೆ, ಅದರಲ್ಲೂ ಕೂದಲೆಳೆಯಷ್ಟು ಮುಂದಕ್ಕೆ ಇಟ್ಟು, ನೊಗವನ್ನು ಕೈಯಲ್ಲಿ ಎತ್ತಿ ನೋಡುವುದು ರೂಢಿ. ಏರಿನಲ್ಲಿ ಭಾರ ಹಿಂದಕ್ಕೆ, ಇಳಿಜಾರಿನಲ್ಲಿ ಮುಂದಕ್ಕೆ ಸರಿಯುತ್ತದೆಂದು ಬಲ್ಲವರು ಬಂಡಿಯ ಮೇಲೆ ಕೂತ ಮಕ್ಕಳನ್ನೇ ಹಿಂದೆ ಮುಂದೆ ಸರಿಸಿ ಸಮ ಮಾಡುತ್ತಿದ್ದರು. ಎತ್ತಿನ ಮೇವು ಬಂಡಿಯ ಅರ್ಧ ಜಾಗವನ್ನು ತಿನ್ನುತ್ತಿತ್ತು ಎಂಬುದನ್ನು ಈಗಿನವರು ಮರೆತಿದ್ದಾರೆ. ಒಣಹುಲ್ಲು ಕೆಳಗೆ ಹಾಸಿದರೆ ಪಾತ್ರೆಗೆ ಮೆತ್ತೆ, ಕೂರುವವರಿಗೆ ಆಸನ, ರಾತ್ರಿ ಹಾಸಿಗೆ; ಹೋಗುತ್ತ ಹೋಗುತ್ತ ಎತ್ತಿನ ಹೊಟ್ಟೆ ಸೇರಿ ಜಾಗವೂ ಖಾಲಿ.

ಮಾದಪ್ಪನ ಬೆಟ್ಟಕ್ಕೆ ವಾಹನದ ರಸ್ತೆಯಾಗುವ ಮೊದಲು ಬಂಡಿಗಳು ತಪ್ಪಲಲ್ಲೇ ಉಳಿಯುತ್ತಿದ್ದವು. ತಪ್ಪಲಿನ ತಾಳಬೆಟ್ಟದಿಂದ ಮೇಲಕ್ಕೆ ಕಾಲುದಾರಿ; ತಲೆಯ ಮೇಲೆ ಹೊರಲಾಗದ್ದು ಬೆಟ್ಟಕ್ಕೆ ಹೋಗುತ್ತಿರಲಿಲ್ಲ. ಸಾಮಾನನ್ನು ತಪ್ಪಲಿಗೆ ಬೇಕಾದದ್ದು, ಮೇಲಕ್ಕೆ ಬೇಕಾದದ್ದು ಎಂದು ಮನೆಯಲ್ಲೇ ಎರಡು ಪಾಲು ಮಾಡುವುದು ಹೀಗೆ ಅನಿವಾರ್ಯವಾಯಿತು.

ಭಾರ ಬೇರೆ, ಗಾತ್ರ ಬೇರೆ

ಈ ಸೀಮೆಯ ರೈತನಿಗೆ ಗಾತ್ರದ ಸಾಮಾನಿನ ಪಾಠವನ್ನು ಜಾತ್ರೆಗಿಂತ ಮೊದಲು ಹೇಳಿಕೊಟ್ಟದ್ದು ರೇಷ್ಮೆ. ಕೊಳ್ಳೇಗಾಲ ರೇಷ್ಮೆಯ ಊರು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲ. ತೂಕ ಏನೂ ಇಲ್ಲ, ಜಾಗ ಮಾತ್ರ ಮನೆ ತುಂಬ. ಅದನ್ನು ಮಲಗಿಸದೆ ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸುತ್ತಾರೆ. ಗೂಡಿನ ಚೀಲವೂ ಹಾಗೆಯೇ: ಹಗುರ, ದಪ್ಪ, ಮೇಲೆ ಏನನ್ನಾದರೂ ಹೇರಿದರೆ ಹಾಳು. ರಾಗಿ ಮೂಟೆ ಇದಕ್ಕೆ ತದ್ವಿರುದ್ಧ.

ಜಾತ್ರೆ ಗಾಡಿಯಲ್ಲಿ ಈ ಎರಡು ಜಾತಿಯ ಸಾಮಾನೂ ಒಟ್ಟಿಗೆ ಸೇರುತ್ತವೆ. ತೂಕದ್ದು ಧಾನ್ಯ, ಎಣ್ಣೆ, ತೆಂಗಿನಕಾಯಿ, ಗ್ಯಾಸ್ ಸಿಲಿಂಡರು, ನೀರು. ಗಾತ್ರದ್ದು ಕೊಳಗ, ತಪ್ಪಲೆ, ಟಾರ್ಪಾಲು, ಚಾಪೆ, ಕಂಬಳಿ, ಜಮಖಾನ. ಮೊದಲನೆಯದಕ್ಕೆ ಗಾಡಿಯ ಶಕ್ತಿ ಮಿತಿ, ಎರಡನೆಯದಕ್ಕೆ ಗಾಡಿಯ ತೊಟ್ಟಿ ಮಿತಿ. 2005ರಲ್ಲಿ ಮಾರುಕಟ್ಟೆಗೆ ಬಂದು ಹಳ್ಳಿ ಹಳ್ಳಿ ಹೊಕ್ಕ ಟಾಟಾ ಏಸ್ ಸುಮಾರು ಮುಕ್ಕಾಲು ಟನ್ ಹೊರುತ್ತದೆ. ಅದರ ತೊಟ್ಟಿ ಏಳಡಿ ಉದ್ದ, ಐದಡಿಗೆ ಸ್ವಲ್ಪ ಕಡಿಮೆ ಅಗಲ. ನೂರು ಜನರ ಒಂದು ಹೊತ್ತಿನ ಅನ್ನಕ್ಕೆ ಹತ್ತು ಹನ್ನೆರಡು ಕಿಲೊ ಅಕ್ಕಿ ಸಾಕಾದೀತು, ಆದರೆ ಆ ಅಕ್ಕಿ ಬೇಯುವ ಕೊಳಗ ತೊಟ್ಟಿಯ ಒಂದು ಮೂಲೆಯನ್ನೇ ನುಂಗುತ್ತದೆ. ತುಂಬಿದ ಮನೆಬಳಕೆಯ ಸಿಲಿಂಡರು ಕಬ್ಬಿಣವೂ ಸೇರಿ ಮೂವತ್ತು ಕಿಲೊ ತೂಗುತ್ತದೆ. ಇನ್ನೂರು ಲೀಟರಿನ ನೀರಿನ ಡ್ರಮ್ಮು ತುಂಬಿದರೆ ಅದೊಂದೇ ಇನ್ನೂರು ಕಿಲೊ, ಅಂದರೆ ಏಸ್ ಗಾಡಿಯ ಶಕ್ತಿಯ ಕಾಲುಭಾಗಕ್ಕಿಂತ ಹೆಚ್ಚು. ಬಲ್ಲವರು ಡ್ರಮ್ಮನ್ನು ಖಾಲಿ ಒಯ್ಯುತ್ತಾರೆ, ಒಳಗೆ ಚಾಪೆ ಕಂಬಳಿ ತುರುಕುತ್ತಾರೆ, ನೀರನ್ನು ಬಿಡಾರದ ಹತ್ತಿರ ತುಂಬುತ್ತಾರೆ.

ಪಾತ್ರೆಯೊಳಗೆ ಪಾತ್ರೆ ಕೂರಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಅಷ್ಟೇ ಗೊತ್ತಿರದ ಸೂಕ್ಷ್ಮವೆಂದರೆ ಒಳಗಿನ ಪಾತ್ರೆಗೂ ಹೊರಗಿನದಕ್ಕೂ ನಡುವೆ ಗೋಣಿಯನ್ನೋ ಹಳೇ ಸೀರೆಯನ್ನೋ ಸುತ್ತದಿದ್ದರೆ ಹನೂರು ದಾಟುವಷ್ಟರಲ್ಲಿ ಎರಡೂ ಕಚ್ಚಿಕೊಂಡು, ಬಿಡಿಸಲು ಬಿಸಿನೀರು ಬೇಕಾಗುತ್ತದೆ. ಎಲ್ಲಕ್ಕಿಂತ ಒಳಗಿನ ತಪ್ಪಲೆಗೆ ಈರುಳ್ಳಿ, ಆಲೂಗಡ್ಡೆ ತುಂಬಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಸೌಟು, ಜಾಲರಿ, ಹಿಟ್ಟಿನ ಕೋಲುಗಳು ಒಂದು ಗೋಣಿಯಲ್ಲಿ ಸೇರಿ ಪಕ್ಕದ ಹಲಗೆಗೆ ಉದ್ದುದ್ದಕ್ಕೆ ನಿಲ್ಲುತ್ತವೆ. ಬಿದಿರುಗಳುಗಳಿಗೆ ತೊಟ್ಟಿಯೊಳಗೆ ಜಾಗ ಕೊಡುವುದಿಲ್ಲ, ಹೊರಗಿನ ಕೊಂಡಿಗಳಿಗೆ ಬಿಗಿಯುತ್ತಾರೆ. ಗಳುವಿನ ತುದಿ ಹಿಂದಕ್ಕೆ ಚಾಚಿದ್ದರೆ ಕೆಂಪು ಬಟ್ಟೆ ಕಟ್ಟಬೇಕು. ಘಾಟಿಯ ತಿರುವಿನಲ್ಲಿ ಹಿಂದಿನ ಗಾಡಿಯವನಿಗೆ ಕಾಣುವುದು ಅದೊಂದೇ.

ಹೊರಚಾಚುವ ಕೋಣೆ ಮತ್ತು ಟಾರ್ಪಾಲಿನ ಮಾಡು

ಗಾಡಿಯಲ್ಲಿ ಜಾಗ ಹೊಂದಿಸುವ ಕಷ್ಟ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿಗಳಿಗೆ ಸ್ಲೈಡ್‌ಔಟ್ ಎಂಬ ಏರ್ಪಾಡಿದೆ. ಗಾಡಿ ನಿಂತ ಮೇಲೆ ಗೋಡೆಯ ಒಂದು ಭಾಗ, ಸೋಫಾ ಅಥವಾ ಮಂಚದ ಸಮೇತ, ಮೋಟಾರಿನ ಬಲದಿಂದ ಹೊರಕ್ಕೆ ಚಾಚಿ ಕೋಣೆ ಅಗಲವಾಗುತ್ತದೆ. ನ್ಯೂಮಾರ್ ಕಂಪನಿ 1990ರ ಸುಮಾರಿಗೆ ಇದನ್ನು ಬಳಕೆಗೆ ತಂದಿತು. ಸುಖದ ವಸ್ತು, ಸಂದೇಹವಿಲ್ಲ. ಆದರೆ ಗಾಡಿ ಓಡುವಾಗ ಆ ಕೋಣೆ ಒಳಕ್ಕೆ ಸರಿದು ನಡುವಿನ ಓಡಾಟದ ಜಾಗವನ್ನೆಲ್ಲ ಆಕ್ರಮಿಸುತ್ತದೆ. ನೆಲದ ಮೇಲೆ ಇಟ್ಟ ಕುರ್ಚಿ, ಡೇರೆ, ಸೈಕಲ್ಲುಗಳಿಗೆ ಆಗ ಸ್ಥಳವಿಲ್ಲ, ಕಪಾಟಿನ ಬಾಗಿಲು ತೆರೆಯಲಾಗದು, ಚಾಚುವ ಭಾಗದ ಮೇಲೆ ಹೆಚ್ಚು ಭಾರ ಹೇರಿದರೆ ಅದರ ಹಳಿಗಳು ಸೋಲುತ್ತವೆ. ಮಿಕ್ಕ ದಾರಿ ಎಂದರೆ ನೆಲದಡಿಯ ಗೂಡು, ಇಲ್ಲವೇ ಎಳೆಯುವ ವಾಹನದ ತೊಟ್ಟಿ. ಅಲ್ಲಿನವರ ಇನ್ನೊಂದು ನಿಯಮ ನಮ್ಮ ಬಂಡಿಯವನಿಗೆ ಹೊಸದಲ್ಲ: ಗಾಡಿಯ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳಬೇಕು, ಕಡಿಮೆಯಾದರೆ ಗಾಡಿ ರಸ್ತೆಯಲ್ಲಿ ಬಾಲ ಬೀಸತೊಡಗುತ್ತದೆ.

ಭಾರತದಲ್ಲಿ ಮನೆಗಾಡಿಯ ಪ್ರವಾಸ ಇನ್ನೂ ಉಳ್ಳವರ ಹವ್ಯಾಸ. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಸರ್ಕಾರಿ ಯೋಜನೆ ತಂದಿತು. ಕರ್ನಾಟಕದ ರಸ್ತೆಗಳಲ್ಲೂ ಇಂಥ ಗಾಡಿ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಹನೂರಿನ ಟ್ರ್ಯಾಕ್ಟರ್ ಟ್ರೇಲರಿಗೆ ಮೋಟಾರೂ ಇಲ್ಲ, ಹಳಿಯೂ ಇಲ್ಲ. ಅದರ ಪಕ್ಕದ ಹಲಗೆಗೆ ಟಾರ್ಪಾಲಿನ ಒಂದಂಚು ಕಟ್ಟಿ, ಇನ್ನೊಂದಂಚನ್ನು ಎರಡು ಗಳುಗಳ ಮೇಲೆ ಎತ್ತಿ, ಹಗ್ಗ ಬಿಗಿದು ಗೂಟಕ್ಕೆ ಕಟ್ಟಿದರೆ ಹತ್ತು ಜನ ಮಲಗುವ ಮಾಡು ಸಿದ್ಧ. ಮಳೆ ಬಂದರೆ ಹೊರಗಿನ ಅಂಚನ್ನು ಇಳಿಸುತ್ತಾರೆ. ಓಡುವಾಗ ಅದೇ ಟಾರ್ಪಾಲು ಸರಂಜಾಮಿನ ಹೊದಿಕೆ. ಒಳಕ್ಕೆ ಸರಿದು ಜಾಗ ಕಬಳಿಸುವ ಪ್ರಶ್ನೆಯೇ ಇಲ್ಲ.

ಎರಡರ ನಡುವಿನ ನಿಜವಾದ ಅಂತರ ಯಂತ್ರದ್ದಲ್ಲ. ಮನೆಗಾಡಿಯಲ್ಲಿ ಜನ ಒಳಗಿರುತ್ತಾರೆ, ಆದ್ದರಿಂದ ಸಾಮಾನಿಗೂ ಜನಕ್ಕೂ ಒಂದೇ ಕೋಣೆಯಲ್ಲಿ ಜಗಳ. ಜಾತ್ರೆ ಗಾಡಿ ಮನೆಯಲ್ಲ, ಉಗ್ರಾಣ. ಮನೆ ಅದರ ಹೊರಗೆ, ಮಾಡಿನ ಕೆಳಗೆ, ಒಲೆಯ ಸುತ್ತ. ಗಾಡಿ ನಿಂತ ಮೇಲೂ ಮೂಟೆಗಳು ಅದರಲ್ಲೇ ಉಳಿದು ನೆಲದ ತೇವ, ನಾಯಿ, ಹಂದಿಗಳಿಂದ ಪಾರಾಗುತ್ತವೆ. ಈ ಲೆಕ್ಕದಲ್ಲಿ ನಮ್ಮ ಹಳ್ಳಿಯ ಏರ್ಪಾಡೇ ಹೆಚ್ಚು ಜಾಣತನದ್ದು ಎನ್ನಬೇಕು, ಸೊಳ್ಳೆ ಮತ್ತು ಚಳಿಯ ಮಾತನ್ನು ಬದಿಗಿಟ್ಟರೆ.

ಮಾಡನ್ನೇ ಮೊದಲು ಕಟ್ಟಬೇಕಾದ್ದರಿಂದ ಟಾರ್ಪಾಲು, ಹಗ್ಗ, ಗೂಟ, ಗುದ್ದಲಿ, ಪೊರಕೆ, ಒಂದು ಬಿಂದಿಗೆ, ಟಾರ್ಚು ಇವಿಷ್ಟು ಕೊನೆಗೆ ಏರಿ ಹಿಂಬದಿಯ ಬಾಗಿಲ ಬಳಿ ಕೂರುತ್ತವೆ. ಇದನ್ನು ಮರೆತು ಟಾರ್ಪಾಲನ್ನು ಅಡಿಗೆ ಹಾಸಿದ ಗುಂಪು ಕತ್ತಲಲ್ಲಿ ಇಡೀ ಗಾಡಿಯನ್ನು ಬಯಲಿಗೆ ಸುರಿಯಬೇಕಾಗುತ್ತದೆ.

ಮಾದಪ್ಪನ ಬೆಟ್ಟದ ದಾರಿ

ಕೊಳ್ಳೇಗಾಲದಿಂದ ಮಧುವನಹಳ್ಳಿ, ಕಾಮಗೆರೆ, ಹನೂರು, ರಾಮಾಪುರ, ಕೌದಳ್ಳಿಗಳ ಮೇಲೆ ತಾಳಬೆಟ್ಟಕ್ಕೆ ಬಂದು ಅಲ್ಲಿಂದ ಘಾಟಿ ಏರಬೇಕು. ಅಮಾವಾಸ್ಯೆಗಳಲ್ಲಿ ಜನ ಸೇರುತ್ತಾರೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ರಸ್ತೆಯೇ ಕಾಣದಷ್ಟು. ದೀಪಾವಳಿಯಲ್ಲಿ ಬೇಡಗಂಪಣ ಸಮುದಾಯದ ಹೆಣ್ಣುಮಕ್ಕಳು ಹಾಲರವೆ (ಹಳ್ಳದ ನೀರು ತುಂಬಿದ ಕೊಡ) ಹೊತ್ತು ಬರುವುದನ್ನು ನೋಡಲೆಂದೇ ಹಲವರು ಎರಡು ದಿನ ಮೊದಲೇ ಬಿಡಾರ ಹೂಡುತ್ತಾರೆ.

ಶಿವರಾತ್ರಿಯ ಹೊತ್ತಿಗೆ ಕನಕಪುರ, ರಾಮನಗರ, ಬೆಂಗಳೂರು ಸುತ್ತಿನ ಪಾದಯಾತ್ರಿಗಳು ಸಂಗಮದ ಕಡೆಯಿಂದ ಕಾವೇರಿ ದಾಟಿ ಕಾಡುದಾರಿಯಲ್ಲಿ ಬರುತ್ತಾರೆ. ಇವರ ಗಾಡಿಗೆ ಹೊಳೆ ದಾಟಲಾಗದು. ಅದು ಸೇತುವೆಯಿರುವ ಬಳಸುದಾರಿ ಹಿಡಿದು ಮುಂದಿನ ತಂಗುದಾಣಕ್ಕೆ ಮೊದಲೇ ಹೋಗಿ ನಿಂತು ಅಡುಗೆ ಮಾಡಿಸಿರಬೇಕು. ಹೀಗಾಗಿ ನಡೆಯುವವರ ಹೆಗಲಚೀಲಕ್ಕೂ ಗಾಡಿಯ ಸರಂಜಾಮಿಗೂ ಪಾಲು ಬೀಳುತ್ತದೆ. ಒಂದು ಹೊತ್ತಿನ ಬುತ್ತಿ, ನೀರು, ಹೊದಿಕೆ, ಔಷಧಿ ಹೆಗಲಿಗೆ, ಮಿಕ್ಕದ್ದೆಲ್ಲ ಗಾಡಿಗೆ. ಹೊದಿಕೆಯನ್ನೂ ಗಾಡಿಗೆ ಹಾಕಿ ಹೊಳೆ ದಾಟಿದವರು ಗಾಡಿ ತಡವಾದ ರಾತ್ರಿ ಒಲೆಯ ಸುತ್ತ ಕೂತೇ ಬೆಳಗು ಮಾಡಬೇಕು.

ಘಾಟಿಯಲ್ಲಿ ಟ್ರ್ಯಾಕ್ಟರಿನ ಸ್ವಭಾವ ತಿಳಿದಿರಬೇಕು. ಒಂದೇ ಅಚ್ಚಿನ ಟ್ರೇಲರಿನಲ್ಲಿ ಭಾರ ಮುಂದಕ್ಕೆ ಜಾಸ್ತಿಯಾದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂಗಾಲಿಗಳು ನೆಲಬಿಟ್ಟು ಸ್ಟಿಯರಿಂಗ್ ಕೆಲಸ ಮಾಡುವುದಿಲ್ಲ. ಹಿಂದಕ್ಕೆ ಜಾಸ್ತಿಯಾದರೆ ಹಿಂಗಾಲಿಗಳಿಗೆ ಹಿಡಿತ ತಪ್ಪುತ್ತದೆ. ಟ್ರೇಲರಿಗೆ ಬ್ರೇಕ್ ಇಲ್ಲದಿರುವುದೇ ಹೆಚ್ಚು, ಇಳಿಯುವಾಗ ಇಡೀ ಭಾರ ಟ್ರ್ಯಾಕ್ಟರನ್ನು ತಳ್ಳುತ್ತದೆ. ಸಣ್ಣ ಗೇರಿನಲ್ಲೇ ಇಳಿಸಬೇಕು. ಎತ್ತರಕ್ಕೆ ಹೇರಿದ ಗಾಡಿ ತಿರುವಿನಲ್ಲಿ ಮಗುಚುತ್ತದೆಂಬುದನ್ನು ಹೇಳಬೇಕಾಗಿಲ್ಲ. ಹಾಗಿದ್ದೂ ಹಾಸಿಗೆ ಸುರುಳಿಗಳ ಮೇಲೆ ಹದಿನೈದು ಜನರನ್ನು ಕೂರಿಸಿಕೊಂಡ ಗಾಡಿಗಳು ಪ್ರತಿ ಜಾತ್ರೆಯಲ್ಲೂ ಕಾಣುತ್ತವೆ.

ಬೆಟ್ಟದ ಸರಂಜಾಮಿನಲ್ಲಿ ಬಾಡಿನ ಪಾತ್ರೆಗೆ ಜಾಗವಿಲ್ಲ. ಮಾದಪ್ಪನಿಗೆಂದೇ ಬೇರೆ ತಪ್ಪಲೆ, ಬೇರೆ ಸೌಟು ಇಟ್ಟುಕೊಂಡ ಮನೆಗಳಿವೆ. ಮೀಸಲಿನ ಗಂಟು, ಹರಕೆಯ ಮುಡಿಪು ಕಾಲು ತಾಗುವ ಜಾಗದಲ್ಲಿ ಇರಕೂಡದು. ಅವು ಡ್ರೈವರ್ ಪಕ್ಕದಲ್ಲೋ ಹಿರಿಯ ಹೆಂಗಸಿನ ಮಡಿಲಲ್ಲೋ ಸಾಗುತ್ತವೆ. ಮಾದಪ್ಪನ ಕಥೆ ಹಾಡುವ ಕಂಸಾಳೆಯವರು ಜೊತೆಗಿದ್ದರೆ ತಮ್ಮ ತಾಳವನ್ನು ಸಾಮಾನಿನ ಜೊತೆ ಸೇರಿಸುವುದಿಲ್ಲ, ಹೆಗಲಲ್ಲೇ ಇರುತ್ತದೆ.

ಸೌದೆಯ ಪ್ರಶ್ನೆ ಈಗ ಬೇರೆಯಾಗಿದೆ. ಬೆಟ್ಟದ ಸುತ್ತಲ 906 ಚದರ ಕಿ.ಮೀ. ಕಾಡು 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮವಾಯಿತು. ದಾರಿ ಬದಿಯಲ್ಲಿ ಸೌದೆ ಆಯುವುದು, ಕಂಡಲ್ಲಿ ಒಲೆ ಹೂಡುವುದು ಕಾನೂನಿಗೆ ವಿರುದ್ಧ. ಶಿವರಾತ್ರಿ, ಯುಗಾದಿ ಬರುವುದೇ ಕಾಡು ಒಣಗಿ ಬೆಂಕಿಗೆ ಕಾದಿರುವ ತಿಂಗಳುಗಳಲ್ಲಿ. ಸೌದೆಯ ಹೊರೆ ಗಾಡಿಯಿಂದ ಇಳಿದು ಸಿಲಿಂಡರು, ಕಬ್ಬಿಣದ ಒಲೆ ಏರಿದವು. ಜಾಗ ಉಳಿಯಿತು, ಅಪಾಯದ ರೂಪ ಬದಲಾಯಿತು. ಸಿಲಿಂಡರನ್ನು ನಿಲ್ಲಿಸಿ, ಮೂಲೆಗೆ ಹಗ್ಗ ಬಿಗಿದು, ರೆಗ್ಯುಲೇಟರ್ ಬಿಚ್ಚಿ, ಟಾರ್ಪಾಲಿನ ಉಸಿರುಗಟ್ಟುವ ಮುಚ್ಚಿಗೆಯಿಂದ ಹೊರಗೆ ಒಯ್ಯಬೇಕು. ಮಲಗಿಸಿ ಅದರ ಮೇಲೆ ಜನ ಕೂರುವುದು ಮೂರ್ಖತನ.

ಚಿಕ್ಕಲ್ಲೂರಿನ ಐದು ದಿನ

ಜನವರಿಯ ಬನದ ಹುಣ್ಣಿಮೆಗೆ ಚಂದ್ರಮಂಡಲವೆಂಬ ಬಿದಿರಿನ ಆಕೃತಿಯನ್ನು ಹೊತ್ತಿಸುವುದರೊಂದಿಗೆ ಇಲ್ಲಿನ ದೈವ, ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಜಾತ್ರೆ ಮೊದಲಾಗುತ್ತದೆ. ದೊಡ್ಡವರ ಸೇವೆ, ಮುಡಿ ಸೇವೆ, ನಾಲ್ಕನೆಯ ದಿನ ಪಂಕ್ತಿ ಸೇವೆ, ಐದನೆಯ ದಿನ ಮುತ್ತತ್ತಿರಾಯನ ಸೇವೆ. ಮಂಟೇಸ್ವಾಮಿ ಪರಂಪರೆಯ ಒಕ್ಕಲು ಐದೂ ದಿನ ಹೊಲ ಬಯಲುಗಳಲ್ಲಿ ಬಿಡಾರ ಹೂಡಿ ಉಳಿಯುತ್ತದೆ. ಬಿಡಾರದ ಸರಂಜಾಮು ತನ್ನ ಪೂರ್ಣ ರೂಪದಲ್ಲಿ ಕಾಣಸಿಗುವುದು ಇಲ್ಲೇ. ಬೆಟ್ಟದಲ್ಲಿ ಛತ್ರ, ದಾಸೋಹ ಉಂಟು. ಇಲ್ಲಿ ಬಿಡಾರವೇ ಎಲ್ಲ.

ಪಂಕ್ತಿ ಸೇವೆ ಎಂದರೆ ತಂತಮ್ಮ ಬಿಡಾರದಲ್ಲಿ ಬೇಯಿಸಿದ ಬಾಡೂಟವನ್ನು ಜಾತಿಯ ಎಲ್ಲೆ ಮೀರಿ ಸಾಲಾಗಿ ಕೂತು ಉಣ್ಣುವುದು. ಪ್ರಾಣಿಬಲಿ ನಿಷೇಧ ಕಾನೂನನ್ನು ಮುಂದಿಟ್ಟು ಈಚಿನ ವರ್ಷಗಳಲ್ಲಿ ಜಾತ್ರೆಯ ದಾರಿಗಳಲ್ಲಿ ತಪಾಸಣೆ ಠಾಣೆ ಹಾಕಿ ಕುರಿ, ಮೇಕೆ, ಕೋಳಿ ಒಯ್ಯದಂತೆ ಗಾಡಿಗಳನ್ನು ಬಿಚ್ಚಿಸಿ ನೋಡಿದ್ದುಂಟು. ಇದು ಬಲಿಯಲ್ಲ, ಸಹಪಂಕ್ತಿ ಭೋಜನ ಎನ್ನುವುದು ಒಕ್ಕಲಿನವರ ವಾದ, ಅದರಲ್ಲಿ ಹುರುಳಿದೆ. ಅಚ್ಚುಕಟ್ಟಾಗಿ ಕಟ್ಟಿದ ಗಾಡಿಯನ್ನು ರಸ್ತೆಯಲ್ಲಿ ಬಿಚ್ಚಿಸಿದರೆ ಮತ್ತೆ ಹಾಗೆಯೇ ಕಟ್ಟಲು ಅರ್ಧ ದಿನ ಹಿಡಿಯುತ್ತದೆ.

ಚಿಕ್ಕಲ್ಲೂರಿನ ಗಾಡಿಯಲ್ಲಿ ಕಂಡಾಯಕ್ಕೆ ಮೊದಲ ಸ್ಥಾನ. ಮಂಟೇಸ್ವಾಮಿ ಪರಂಪರೆಯ ಎತ್ತರವಾದ, ಪವಿತ್ರವಾದ ಈ ಲಾಂಛನವನ್ನು ಸಾಮಾನಿನ ಸಂದಿಗೆ ತುರುಕುವಂತಿಲ್ಲ, ದಾಟುವಂತಿಲ್ಲ. ಅದಕ್ಕೊಂದು ಜಾಗ ಬಿಟ್ಟೇ ಮಿಕ್ಕದ್ದನ್ನು ಜೋಡಿಸುತ್ತಾರೆ, ಅನೇಕರು ಕೈಯಲ್ಲೇ ಹಿಡಿದು ತರುತ್ತಾರೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ತಂಬೂರಿ ಹಾಸಿಗೆ ಸುರುಳಿಗಳ ನಡುವೆ ಬರುತ್ತದೆ. ಬುರುಡೆ ಒಡೆಯದಂತೆ ಕಾಯಲು ಅದಕ್ಕಿಂತ ಒಳ್ಳೆಯ ತಾಣವಿಲ್ಲ.

ಬಿಳಿಗಿರಿರಂಗನ ಬೆಟ್ಟ

ಯಳಂದೂರಿನ ಕಡೆಯ ಗಾಡಿ ಹಗುರ. ಸಂಕ್ರಾಂತಿಯ ಚಿಕ್ಕ ಜಾತ್ರೆ, ವೈಶಾಖದ ದೊಡ್ಡ ತೇರು ಎರಡಕ್ಕೂ ಜನ ಬರುತ್ತಾರೆ. ರಂಗಪ್ಪನಿಗೆ ದೊಡ್ಡ ಚರ್ಮದ ಪಾದುಕೆ ಒಪ್ಪಿಸುವ ಬೂದಿತಿಟ್ಟು ಊರಿನವರ ಸೇವೆ ಪ್ರಸಿದ್ಧ. ಆದರೆ 2011ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ. ಗುಂಬಳ್ಳಿಯ ಅರಣ್ಯ ಠಾಣೆ ಸಂಜೆ ಮುಚ್ಚಿ ಬೆಳಿಗ್ಗೆ ತೆರೆಯುತ್ತದೆ, ದಾರಿಯಲ್ಲಿ ನಿಲ್ಲಿಸಿ ಒಲೆ ಹೂಡುವ ಮಾತೇ ಇಲ್ಲ. ಬೇಯಿಸಿದ ಬುತ್ತಿ ಒಯ್ದು ಹಗಲಲ್ಲೇ ಮರಳುವವರು ಹೆಚ್ಚು. ಬೆಲ್ಲ, ಬಾಳೆಹಣ್ಣು, ಹಲಸು ಇಟ್ಟ ಗಾಡಿಯನ್ನು ಕಾಡಂಚಿನಲ್ಲಿ ರಾತ್ರಿ ನಿಲ್ಲಿಸುವುದು ಆನೆಯನ್ನು ಕರೆದಂತೆ. ಹಗಲು ಕೋತಿಯ ಕಾಟ. ಹಣ್ಣುಕಾಯಿಯನ್ನು ಚೀಲದಲ್ಲಿ ಬಿಡದೆ ಮುಚ್ಚಳದ ಪಾತ್ರೆಯಲ್ಲಿಡಬೇಕು.

ಜಾತ್ರೆ ಮುಗಿದ ಮೇಲೆ

ವರ್ಷದ ಉಳಿದ ದಿನ ಈ ದೊಡ್ಡ ಪಾತ್ರೆಗಳು ಎಲ್ಲಿರುತ್ತವೆ? ಮೊದಲೆಲ್ಲ ಊರೊಟ್ಟಿನ ಕೊಳಗಗಳು ಗುಡಿಯಲ್ಲೋ ಯಜಮಾನರ ಅಟ್ಟದಲ್ಲೋ ಬೋರಲಾಗಿ ಮಲಗಿರುತ್ತಿದ್ದವು, ಕಂಠದಲ್ಲಿ ಕೊಡಿಸಿದವರ ಹೆಸರು ಕೊರೆದಿರುತ್ತಿತ್ತು. ಈಗ ಶಾಮಿಯಾನದ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಮನೆಯಲ್ಲಿ ಜಾಗ ಉಳಿಯಿತು. ಎಣಿಸಿ ತಂದದ್ದನ್ನು ಎಣಿಸಿ ಕೊಡುವ ಹೊಣೆ ಹೆಚ್ಚಿತು. ಮರಳುವಾಗ ಗಾಡಿ ಹಗುರವಾಗಿರುತ್ತದೆ, ಜೋಡಣೆಯೂ ಸಡಿಲವಾಗುತ್ತದೆ. ಸೌಟು, ಮುಚ್ಚಳ ಕಳೆಯುವುದು ಯಾವಾಗಲೂ ಈ ಮರುಪಯಣದಲ್ಲೇ. ಬೆಟ್ಟದ ಮೇಲೆ ಪ್ಲಾಸ್ಟಿಕ್ಕಿಗೆ ನಿಷೇಧವಿರುವುದರಿಂದ ಎಲೆ, ಲೋಟ, ನೀರಿನ ಏರ್ಪಾಡನ್ನು ಮನೆಯಿಂದಲೇ ಮಾಡಿಕೊಂಡು ಬರಬೇಕು, ಕಸಕ್ಕೊಂದು ಖಾಲಿ ಗೋಣಿಯನ್ನೂ ಇಟ್ಟುಕೊಳ್ಳಬೇಕು.

ಸರಕು ವಾಹನದಲ್ಲಿ ಜನರನ್ನು ಸಾಗಿಸುವುದು ಮೋಟಾರು ವಾಹನ ಕಾನೂನಿಗೆ ವಿರುದ್ಧ. ಜಾತ್ರೆಯ ದಿನಗಳಲ್ಲಿ ಕೊಳ್ಳೇಗಾಲದಿಂದ ಬೆಟ್ಟಕ್ಕೆ ಹೆಚ್ಚುವರಿ ಸಾರಿಗೆ ಬಸ್ಸುಗಳು ಓಡುತ್ತವೆ. ಸಾಮಾನನ್ನು ಇಬ್ಬರ ಕಾವಲಿನಲ್ಲಿ ಗೂಡ್ಸ್ ಗಾಡಿಗೆ ಹಾಕಿ, ಮಕ್ಕಳು ಮುದುಕರನ್ನು ಬಸ್ಸಿಗೆ ಹತ್ತಿಸಿ ಕಳಿಸಿ.